ಕ್ಷಯದ ರೋಗಾಣುವೂ ನಮ್ಮ ಮುಚ್ಚಿದ ಕಿಟಕಿಗಳೂ

ಭೌತವಿಜ್ಞಾನವನ್ನು ಬೋಧಿಸುವವರು ರೋಗರುಜಿನಗಳ ವಿಚಾರವಾಗಿ ಬರೆಯಹೊರಟರೆ, 'ಇವರಿಗೇಕೆ ಈ ಉಸಾಬರಿ?' ಎಂದು ವಾಚಕರು ಕೇಳುವುದು ಸಹಜವೇ. ವೈದ್ಯರ ಕ್ಷೇತ್ರದೊಳಕ್ಕೆ ನುಗ್ಗಿ ಔಷಧದ ಚೀಟಿಯನ್ನು ಬರೆದುಕೊಡುವ ಉದ್ದೇಶ ನಮಗಿಲ್ಲ. ಆದರೆ ಕ್ಷಯವೆಂಬ ರೋಗವು ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಆ ಸಮಯದಲ್ಲಿ ಅದು ವೈದ್ಯಶಾಸ್ತ್ರದ ವಿಷಯವಾಗಿರುವಷ್ಟೇ ಭೌತವಿಜ್ಞಾನದ ವಿಷಯವೂ ಆಗಿರುತ್ತದೆ. ಒಂದು ಹನಿ ಎಷ್ಟು ದೊಡ್ಡದು, ಅದು ಎಷ್ಟು ಬೇಗ ಒಣಗುತ್ತದೆ, ಗಾಳಿಯಲ್ಲಿ ಎಷ್ಟು ಹೊತ್ತು ತೇಲುತ್ತದೆ, ಕೊಠಡಿಯ ಗಾಳಿ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ ಎಂಬಿವೆಲ್ಲ ನಮ್ಮ ಪಾಠದ ಪುಸ್ತಕದೊಳಗಿನ ಪ್ರಶ್ನೆಗಳು. ಇವುಗಳ ಉತ್ತರವನ್ನು ಪರೀಕ್ಷೆಯ ಹಾಳೆಯಲ್ಲಿ ಬರೆದುಬಿಟ್ಟು, ಮನೆಯಲ್ಲಿಯೂ ತರಗತಿಯಲ್ಲಿಯೂ ಅದಕ್ಕೆ ವಿರುದ್ಧವಾಗಿಯೇ ನಡೆದುಕೊಳ್ಳುತ್ತೇವೆಂಬುದು ಈ ಲೇಖನಕ್ಕೆ ಕಾರಣ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾವು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ವಿದ್ಯಾರ್ಥಿಯೊಬ್ಬನು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಕೆಮ್ಮುತ್ತಿದ್ದನು. ಒಂದು ವಾರವಲ್ಲ, ಎರಡು ವಾರವಲ್ಲ, ಎರಡು ತಿಂಗಳು. ಕೇಳಿದಾಗಲೆಲ್ಲ 'ಧೂಳು ಸಾರ್, ನನಗೆ ಆಗಿಬರುವುದಿಲ್ಲ' ಎನ್ನುತ್ತಿದ್ದನು. ನಾವೂ ಅಷ್ಟಕ್ಕೇ ತೃಪ್ತರಾದೆವು. ಪರೀಕ್ಷೆ ಹತ್ತಿರ ಬಂದಿದ್ದುದರಿಂದ ಸಂಜೆಯ ಜ್ವರವನ್ನು ಅವನು ಯಾರಿಗೂ ತಿಳಿಸಿರಲಿಲ್ಲ. ಕೊನೆಗೆ ಕಫವನ್ನು ಪರೀಕ್ಷಿಸಿ ಕ್ಷಯವೆಂದು ಹೇಳಿದಾಗ ವಿದ್ಯಾರ್ಥಿನಿಲಯದಲ್ಲಿ ನಡೆದ ಮೊದಲ ಏರ್ಪಾಡೆಂದರೆ, ಅವನ ತಟ್ಟೆ ಲೋಟಗಳಿಗೆ ಕೆಂಪು ಬಣ್ಣದ ಗುರುತು ಹಾಕಿ ಬೇರೆ ಇರಿಸಿದ್ದು. ಅವನೂ ಅವನ ಮೂವರು ಗೆಳೆಯರೂ ಮಲಗುತ್ತಿದ್ದ ಕೊಠಡಿಯ ಕಿಟಕಿಗೆ ಸೊಳ್ಳೆ ಬಾರದಂತೆ ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿತ್ತು. ಅವನ್ನು ಯಾರೂ ಕೀಳಲಿಲ್ಲ. ಆ ಮೂವರನ್ನು ಪರೀಕ್ಷಿಸಬೇಕೆಂಬುದೂ ಯಾರಿಗೂ ಹೊಳೆಯಲಿಲ್ಲ. ವೈದ್ಯರು ಹೇಳಿಕಳುಹಿಸಿದ ಮೇಲೆಯೇ ಅದು ನಡೆದದ್ದು. ನಮಗೂ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳಬೇಕು. ಅದೇ ತಿಂಗಳು ನಾವು ಆ ತರಗತಿಗೆ ಸ್ಟೋಕ್ಸನ ನಿಯಮವನ್ನು ಬೋಧಿಸಿ ಮುಗಿಸಿದ್ದೆವು.

ಈ ರೋಗಾಣುವಿನ ಪರಿಚಯವನ್ನು ಮೊದಲು ಮಾಡಿಕೊಳ್ಳೋಣ. 1882ನೆಯ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯನು ವಿದ್ವಾಂಸರ ಸಭೆಯೊಂದರ ಮುಂದೆ ಕ್ಷಯಕ್ಕೆ ಕಾರಣವಾದ ಜೀವಿಯನ್ನು ತೋರಿಸಿಕೊಟ್ಟನು. ಆ ಕಾಲದಲ್ಲಿ ಏಳು ಸಾವುಗಳಲ್ಲಿ ಒಂದು ಕ್ಷಯದಿಂದಲೇ ಆಗುತ್ತದೆಂದು ಅವನು ಹೇಳಿದನು. ಕ್ಷಯವು ಒಂದು ದೇಹದಿಂದ ಇನ್ನೊಂದಕ್ಕೆ ಅಂಟುವಂಥದೆಂಬುದನ್ನು ಫ್ರಾನ್ಸಿನ ವಿಲ್ಲೆಮೆನ್ 1865ರಲ್ಲಿಯೇ ಮೊಲಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದನಾದರೂ ಬಹುಮಂದಿ ಅದನ್ನು ನಂಬಿರಲಿಲ್ಲ. ವಂಶದಿಂದ ಬರುವ ದೌರ್ಬಲ್ಯವೆಂದೋ ಕೆಟ್ಟ ಹವೆಯ ಫಲವೆಂದೋ ತಿಳಿದಿದ್ದವರೇ ಹೆಚ್ಚು. ಕಾಖನು ರೋಗಾಣುವನ್ನು ಕಣ್ಣಿಗೆ ಕಾಣಿಸಿದನು; ದೇಹದ ಹೊರಗೆ ಬೆಳೆಸಿದನು; ಹಾಗೆ ಬೆಳೆಸಿದ್ದನ್ನು ಗಿನಿಯಿಲಿಗಳಿಗೆ ಚುಚ್ಚಿ ಅದೇ ರೋಗ ಬರುವುದನ್ನು ತೋರಿಸಿದನು. ಈ ಕಾರ್ಯಕ್ಕಾಗಿ 1905ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಕಾಖನ ಕಣ್ಣಿಗೆ ಕಂಡದ್ದು ಅವನಿಗಿಂತ ಹಿಂದಿನವರಿಗೆ ಕಾಣಲಿಲ್ಲವೇಕೆ? ಇದಕ್ಕೆ ಉತ್ತರ ಅರ್ಧ ರಸಾಯನವಿಜ್ಞಾನದಲ್ಲಿದೆ, ಅರ್ಧ ಭೌತವಿಜ್ಞಾನದಲ್ಲಿದೆ. ಈ ರೋಗಾಣು ಒಂದು ಸಣ್ಣ ಕಡ್ಡಿಯ ಆಕಾರದ್ದು. ಇದರ ಉದ್ದ 2ರಿಂದ 4 ಮೈಕ್ರಾನ್, ದಪ್ಪವಾದರೋ 0.2ರಿಂದ 0.5 ಮೈಕ್ರಾನ್ ಮಾತ್ರ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವು ಸುಮಾರು ಅರ್ಧ ಮೈಕ್ರಾನ್ ಇರುವುದರಿಂದ, ಎಷ್ಟೇ ಒಳ್ಳೆಯ ಮಸೂರವಾದರೂ ಸುಮಾರು 0.2 ಮೈಕ್ರಾನಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಲಾರದೆಂದು ಯೇನ ನಗರದ ಅರ್ನ್ಸ್ಟ್ ಅಬೆ 1873ರಲ್ಲಿಯೇ ವಿವರಿಸಿದ್ದನು. ಎಂದರೆ ಈ ರೋಗಾಣುವಿನ ದಪ್ಪ ಬೆಳಕಿನ ಸೂಕ್ಷ್ಮದರ್ಶಕದ ಶಕ್ತಿಯ ಎಲ್ಲೆಯ ಸಮೀಪದಲ್ಲಿಯೇ ಇದೆ. ಅದೇ ಅಬೆ ರೂಪಿಸಿದ ಬೆಳಕಿನ ಸಂಗ್ರಾಹಕವನ್ನೂ ಎಣ್ಣೆಯಲ್ಲಿ ಮುಳುಗಿಸುವ ಮಸೂರವನ್ನೂ ಕಾಖನು ಬಳಸಿದನು.

ಅಷ್ಟೇ ಸಾಲದು. ಈ ರೋಗಾಣುವಿನ ಹೊರಗೋಡೆ ಮೇಣದಂಥ ದಪ್ಪ ಕೊಬ್ಬಿನ ಪದಾರ್ಥದಿಂದ ಕೂಡಿದುದು. ಸಾಮಾನ್ಯ ಬಣ್ಣಗಳು ಅದರೊಳಕ್ಕೆ ಸುಲಭವಾಗಿ ಇಳಿಯವು. ಒಮ್ಮೆ ಬಣ್ಣ ಹಿಡಿಯಿತೆಂದರೆ ಆಮ್ಲದಿಂದ ತೊಳೆದರೂ ಬಿಡುವುದಿಲ್ಲ. ಇಂದಿಗೂ ಅನೇಕ ಆಸ್ಪತ್ರೆಗಳಲ್ಲಿ ಕಫದ ಲೇಪದ ಮೇಲೆ ಕೆಂಪು ಬಣ್ಣ ಹಾಕಿ, ಆಮ್ಲದಿಂದ ತೊಳೆದು, ಮತ್ತೆ ನೀಲಿ ಬಣ್ಣ ಹಾಕಿ ನೋಡುತ್ತಾರೆ. ಉಳಿದುದೆಲ್ಲ ನೀಲಿಯಾಗಿರುವಾಗ ಕೆಂಪಾಗಿಯೇ ನಿಂತಿರುವ ಕಡ್ಡಿಗಳೇ ಕ್ಷಯದ ರೋಗಾಣುಗಳು. ಈ ಮೇಣದ ಕವಚವು ಅದನ್ನು ಒಣಹವೆಯಿಂದಲೂ ಅನೇಕ ಔಷಧಗಳಿಂದಲೂ ಕಾಪಾಡುತ್ತದೆ. ಅದರ ಇನ್ನೊಂದು ಗುಣ ನಿಧಾನ. ನಮ್ಮ ಕರುಳಿನಲ್ಲಿರುವ ಸಾಮಾನ್ಯ ಬ್ಯಾಕ್ಟೀರಿಯವು ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯದ್ದು ಎರಡಾಗಲು ಸುಮಾರು ಇಪ್ಪತ್ತು ಗಂಟೆ ಬೇಕು. ಆದಕಾರಣವೇ ಈ ರೋಗ ಸದ್ದಿಲ್ಲದೆ ಬೆಳೆಯುತ್ತದೆ. ಆದಕಾರಣವೇ ಇದರ ಚಿಕಿತ್ಸೆಯೂ ತಿಂಗಳುಗಟ್ಟಲೆ ನಡೆಯಬೇಕಾಗುತ್ತದೆ.

ಇನ್ನು ಅದರ ಪ್ರಯಾಣದ ವಿಚಾರ. ಶ್ವಾಸಕೋಶದ ಕ್ಷಯವುಳ್ಳವರು ಕೆಮ್ಮಿದಾಗ, ಸೀನಿದಾಗ, ಹಾಡಿದಾಗ, ಗಟ್ಟಿಯಾಗಿ ಮಾತನಾಡಿದಾಗ ಬಗೆಬಗೆಯ ಗಾತ್ರದ ಹನಿಗಳು ಹೊರಬೀಳುತ್ತವೆ. ಗಾಳಿಯಲ್ಲಿ ಬೀಳುವ ಸಣ್ಣ ಗೋಳವೊಂದರ ಅಂತಿಮ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂಬುದು ಸ್ಟೋಕ್ಸನ ನಿಯಮವಷ್ಟೆ. ಲೆಕ್ಕ ಹಾಕಿ ನೋಡೋಣ. 100 ಮೈಕ್ರಾನ್ ವ್ಯಾಸದ ಹನಿ, ನಿಂತಿರುವವರ ಬಾಯಿಯ ಎತ್ತರವಾದ ಒಂದೂವರೆ ಮೀಟರಿನಿಂದ ಕೆಲವೇ ಸೆಕೆಂಡುಗಳಲ್ಲಿ ನೆಲ ಸೇರುತ್ತದೆ. 5 ಮೈಕ್ರಾನಿನದು ಅಷ್ಟೇ ದೂರ ಬೀಳಲು ಸುಮಾರು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. 2 ಮೈಕ್ರಾನಿನದಕ್ಕೆ ಮೂರು ಗಂಟೆಗೂ ಮೇಲೆ ಹಿಡಿಯುತ್ತದೆ. ಇದು ಗಾಳಿ ಅಲುಗದಿದ್ದರೆ ಬರುವ ಲೆಕ್ಕ. ಮನುಷ್ಯರ ಓಡಾಟದಿಂದಲೂ ಮೈಯ ಶಾಖದಿಂದಲೂ ಸದಾ ಮೇಲಕ್ಕೂ ಕೆಳಕ್ಕೂ ಚಲಿಸುವ ಕೊಠಡಿಯ ಗಾಳಿಯಲ್ಲಿ ಇಷ್ಟು ಸಣ್ಣ ಕಣ ಬಹಳ ಹೊತ್ತು ಕೆಳಗಿಳಿಯುವುದೇ ಇಲ್ಲ.

ಸಣ್ಣ ಹನಿಗಳು ಬೀಳುವ ಮೊದಲೇ ಒಣಗಿಹೋಗುತ್ತವೆಂಬುದನ್ನೂ, ಅದರಲ್ಲಿ ಉಳಿದ ಸೂಕ್ಷ್ಮ ಕಣವೇ ರೋಗವನ್ನು ಹೊತ್ತು ತೇಲುತ್ತದೆಂಬುದನ್ನೂ ಅಮೆರಿಕದ ವಿಲಿಯಂ ವೆಲ್ಸ್ 1930ರ ದಶಕದಲ್ಲಿ ವಿವರಿಸಿದನು. ಆ ವಾದವನ್ನು ಪ್ರಮಾಣೀಕರಿಸಿದ ಪ್ರಯೋಗ ಬಹು ಸೊಗಸಾದುದು. 1950ರ ದಶಕದ ಕೊನೆಯ ಭಾಗದಲ್ಲಿ ಬಾಲ್ಟಿಮೋರ್ ನಗರದ ಆಸ್ಪತ್ರೆಯೊಂದರಲ್ಲಿ ರಿಚರ್ಡ್ ರೈಲಿ ಮತ್ತು ಅವನ ಸಂಗಡಿಗರು ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಮೇಲಣ ಕೋಣೆಯಲ್ಲಿದ್ದ ಗಿನಿಯಿಲಿಗಳಿಗೆ ಹಾಯಿಸಿದರು. ಆ ಪ್ರಾಣಿಗಳು ರೋಗಿಗಳನ್ನು ನೋಡಿದವಲ್ಲ, ಮುಟ್ಟಿದವಲ್ಲ, ಅವರ ಎಂಜಲನ್ನು ತಿಂದವೂ ಅಲ್ಲ. ಆದರೂ ಅವುಗಳಲ್ಲಿ ಹಲವಕ್ಕೆ ಕ್ಷಯದ ಸೋಂಕು ತಗುಲಿತು. ಅದೇ ಗಾಳಿಯನ್ನು ಅತಿನೇರಳೆ ಕಿರಣಗಳ ನಡುವೆ ಹಾಯಿಸಿ ಬೇರೊಂದು ಗುಂಪಿಗೆ ಕೊಟ್ಟಾಗ ಆ ಗುಂಪಿನಲ್ಲಿ ಒಂದಕ್ಕೂ ತಗುಲಲಿಲ್ಲ. ಗಾಳಿಯೇ ವಾಹನವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ತಟ್ಟೆ ಲೋಟಗಳಿಂದ ಏಕೆ ಹರಡುವುದಿಲ್ಲ? ಶ್ವಾಸಮಾರ್ಗದ ರಚನೆಯನ್ನು ನೆನೆದರೆ ಅರ್ಥವಾಗುತ್ತದೆ. ದೊಡ್ಡ ಕಣಗಳು ಮೂಗಿನಲ್ಲಿಯೂ ಗಂಟಲಿನಲ್ಲಿಯೂ ಅಂಟಿಕೊಳ್ಳುತ್ತವೆ. ಅಲ್ಲಿನ ಲೋಳೆಯೂ ಅದನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳೂ ಅವನ್ನು ಹೊರಹಾಕುತ್ತವೆ. 1ರಿಂದ 5 ಮೈಕ್ರಾನಿನ ಕಣಗಳು ಮಾತ್ರ ಈ ಕಾವಲನ್ನು ತಪ್ಪಿಸಿಕೊಂಡು ಶ್ವಾಸಕೋಶದ ತುದಿಯಲ್ಲಿರುವ ಗಾಳಿಗೂಡುಗಳನ್ನು ಮುಟ್ಟಬಲ್ಲವು. ಈ ರೋಗಾಣು ನೆಲೆಯೂರುವ ಸ್ಥಳ ಅದೇ. ತಟ್ಟೆಯ ಮೇಲೆ ಅಂಟಿದ ರೋಗಾಣು ಮತ್ತೆ ಆ ಗಾತ್ರದ ಕಣವಾಗಿ ಹಾರಿ ಶ್ವಾಸಕೋಶದ ಆಳಕ್ಕೆ ಇಳಿಯಲಾರದು. ಕೈ ಕುಲುಕಿದರೆ, ಬಟ್ಟೆ ಮುಟ್ಟಿದರೆ, ಒಟ್ಟಿಗೆ ಕುಳಿತು ಉಂಡರೆ ಕ್ಷಯ ಅಂಟುವುದಿಲ್ಲ. ದನಗಳ ಕ್ಷಯಕ್ಕೆ ಕಾರಣವಾದ, ಇದರ ಸಂಬಂಧಿಯೇ ಆದ ಇನ್ನೊಂದು ರೋಗಾಣು ಹಸಿ ಹಾಲಿನ ಮೂಲಕ ಬರುವುದುಂಟು. ಹಾಲನ್ನು ಕಾಯಿಸಿ ಕುಡಿಯುವುದೇ ಅದಕ್ಕೆ ಪರಿಹಾರ.

ಗಾಳಿಗೂಡನ್ನು ಸೇರಿದ ರೋಗಾಣುವನ್ನು ನಮ್ಮ ದೇಹದ ಭಕ್ಷಕ ಜೀವಕಣಗಳು ನುಂಗುತ್ತವೆ. ಬೇರೆ ರೋಗಾಣುವಾಗಿದ್ದರೆ ಅಲ್ಲಿಯೇ ಜೀರ್ಣವಾಗಿಹೋಗುತ್ತಿತ್ತು. ಇದಾದರೋ, ತನ್ನನ್ನು ನುಂಗಿದ ಜೀವಕಣದ ಜೀರ್ಣರಸಗಳು ತನ್ನ ಬಳಿಗೆ ಬಾರದಂತೆ ತಡೆದು ಆ ಹೊಟ್ಟೆಯೊಳಗೇ ಮನೆ ಮಾಡಿಕೊಳ್ಳುತ್ತದೆ. ಆಗ ದೇಹವು ಇನ್ನಷ್ಟು ಜೀವಕಣಗಳನ್ನು ಕಳುಹಿಸಿ ಸುತ್ತಲೂ ಗೋಡೆ ಕಟ್ಟಿದಂತೆ ಒಂದು ಗಂಟನ್ನು ರಚಿಸುತ್ತದೆ. ಬಹುಮಂದಿಯಲ್ಲಿ ರೋಗಾಣು ಆ ಗೋಡೆಯೊಳಗೆ ಬಂದಿಯಾಗಿ ಉಳಿಯುತ್ತದೆ. ಅಂಥವರಿಗೆ ರೋಗವಿಲ್ಲ, ಅವರಿಂದ ಇತರರಿಗೆ ಹರಡುವುದೂ ಇಲ್ಲ. ಲೋಕದ ಜನಸಂಖ್ಯೆಯ ಸುಮಾರು ನಾಲ್ಕನೆಯ ಒಂದು ಪಾಲು ಜನ ಹೀಗೆ ಸೋಂಕನ್ನು ಹೊತ್ತವರೆಂದು ಅಂದಾಜು. ಇವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ತಲೆದೋರುತ್ತದೆ.

ಆ ಗೋಡೆ ಯಾರಲ್ಲಿ ಕುಸಿಯುತ್ತದೆ? ಅರೆಹೊಟ್ಟೆಯವರಲ್ಲಿ, ಸಕ್ಕರೆ ಕಾಯಿಲೆಯುಳ್ಳವರಲ್ಲಿ, ತಂಬಾಕು ಸೇದುವವರಲ್ಲಿ, ಎಚ್.ಐ.ವಿ. ಸೋಂಕುಳ್ಳವರಲ್ಲಿ. ಜಾರ್ಖಂಡ ರಾಜ್ಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕ್ಷಯರೋಗಿಗಳ ಮನೆಯವರಾದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರಿಶೀಲಿಸಿದರು. ಮನೆಯವರೆಲ್ಲರಿಗೂ ಪೌಷ್ಟಿಕ ಆಹಾರವನ್ನು ಒದಗಿಸಿದ ಕುಟುಂಬಗಳಲ್ಲಿ, ಒದಗಿಸದ ಕುಟುಂಬಗಳಿಗಿಂತ ಹೊಸದಾಗಿ ಕ್ಷಯ ಕಾಣಿಸಿಕೊಂಡದ್ದು ನೂರಕ್ಕೆ ಸುಮಾರು 39ರಷ್ಟು ಕಡಮೆ. ಅಕ್ಕಿ ಬೇಳೆಗಳೂ ಕ್ಷಯವನ್ನು ತಡೆಯಬಲ್ಲವೆಂದಾಯಿತು.

ಈಗ ನಮ್ಮ ಮುಖ್ಯವಾದ ಮಾತಿಗೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಕ್ಷಯದ ವಿಷಯದಲ್ಲಿ ನಮ್ಮ ಸಮಾಜದ ಭಯ ಕಡಮೆಯೂ ಅಲ್ಲ, ಹೆಚ್ಚೂ ಅಲ್ಲ. ಅದು ಇರಬೇಕಾದ ಸ್ಥಳದಲ್ಲಿ ಇಲ್ಲ. ಕಾರಣವಿಲ್ಲದ ಕಡೆ ಹೆದರುತ್ತೇವೆ. ಕಾರಣವಿದ್ದ ಕಡೆ ನಿಶ್ಚಿಂತರಾಗಿರುತ್ತೇವೆ. ರೋಗಿಯ ತಟ್ಟೆಗೆ ಹೆದರಿ ಅವನನ್ನು ಪಂಕ್ತಿಯಿಂದ ಎಬ್ಬಿಸುತ್ತೇವೆ. ಅರುವತ್ತು ಮಂದಿ ಉಸಿರಾಡುವ ಕೊಠಡಿಯ ಕಿಟಕಿಗಳನ್ನು ಮುಚ್ಚಿ ಕುಳಿತುಕೊಳ್ಳುತ್ತೇವೆ. ಈ ಎರಡು ತಪ್ಪುಗಳು ಒಂದನ್ನೊಂದು ಪೋಷಿಸುತ್ತವೆಂಬುದನ್ನು ವಾಚಕರು ಗಮನಿಸಬೇಕು. ತಟ್ಟೆಯ ಅವಮಾನಕ್ಕೆ ಅಂಜಿ ರೋಗಿ ತನ್ನ ಕೆಮ್ಮನ್ನು ಬಚ್ಚಿಡುತ್ತಾನೆ; ಬಚ್ಚಿಟ್ಟ ಕೆಮ್ಮು ಮುಚ್ಚಿದ ಕೊಠಡಿಯಲ್ಲಿ ವಾರಗಟ್ಟಲೆ ಹರಡುತ್ತದೆ.

ರೋಗಿಯನ್ನು ದೂರ ಮಾಡುವುದು ಅನಾವಶ್ಯಕವೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಡೆದ ಪ್ರಯೋಗವೊಂದು ಪ್ರಪಂಚಕ್ಕೆಲ್ಲ ಪಾಠ ಹೇಳಿದೆ. ಮದರಾಸಿನ ಸಂಶೋಧನ ಕೇಂದ್ರವು ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲಿಯೂ, ಉಳಿದವರಿಗೆ ಇಕ್ಕಟ್ಟಾದ ಅವರ ಬಡ ಮನೆಗಳಲ್ಲಿಯೂ ಒಂದೇ ಔಷಧವನ್ನು ಕೊಟ್ಟು ಹೋಲಿಸಿ 1959ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಮನೆಯಲ್ಲಿದ್ದವರೂ ಬಹುಮಟ್ಟಿಗೆ ಅಷ್ಟೇ ಚೆನ್ನಾಗಿ ಗುಣ ಹೊಂದಿದರು. ಅವರ ಮನೆಯವರಿಗೆ ಹೆಚ್ಚಿನ ಅಪಾಯವೂ ಒದಗಲಿಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಆರಂಭವಾಯಿತು. ಆ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ 1963ರಲ್ಲಿ ಪ್ರಕಟಿಸಿದ ಸಂಗತಿ ಇನ್ನೂ ಕಣ್ಣು ತೆರೆಸುವಂಥದು. ರೋಗವಿದ್ದ ಹಳ್ಳಿಗರಲ್ಲಿ ಬಹುಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಪರಿಹಾರಕ್ಕಾಗಿ ಆಗಲೇ ಹೊರಟೂ ಇದ್ದರು. ಅವರಲ್ಲಿ ಆಸ್ಪತ್ರೆಗೆ ಹೋದವರಿಗೆ ಸಾಮಾನ್ಯವಾಗಿ ದೊರೆತದ್ದು ಒಂದು ಸೀಸೆ ಕೆಮ್ಮಿನ ಔಷಧ. ಜನ ಅಜ್ಞಾನಿಗಳು, ಅವರು ಬರುವುದಿಲ್ಲ ಎಂದು ಓದಿದವರು ಹೇಳುವ ಮಾತು ಎಷ್ಟು ಪೊಳ್ಳೆಂಬುದನ್ನು ತುಮಕೂರಿನ ಹಳ್ಳಿಗಳು ಆಗಲೇ ತೋರಿಸಿಕೊಟ್ಟವು.

ಇನ್ನು ಕಿಟಕಿಯ ಲೆಕ್ಕ. ಕೊಠಡಿಯ ಗಾತ್ರದಷ್ಟು ಹೊಸ ಗಾಳಿ ಒಳಬಂದು ಬೆರೆತರೆ ಹಳೆಯ ಕಣಗಳಲ್ಲಿ ನೂರಕ್ಕೆ 37 ಉಳಿಯುತ್ತವೆ. ಎರಡು ಸಲ ಬಂದರೆ 14. ಮೂರು ಸಲಕ್ಕೆ 5. ಗಂಟೆಗೆ ಒಂದು ಸಲ ಗಾಳಿ ಬದಲಾಗುವ ಕೊಠಡಿಗೂ ಹನ್ನೆರಡು ಸಲ ಬದಲಾಗುವ ಕೊಠಡಿಗೂ, ಕೆಮ್ಮುವವರು ಒಬ್ಬರೇ ಆಗಿದ್ದರೂ, ಕಣಗಳ ದಟ್ಟಣೆಯಲ್ಲಿ ಸುಮಾರು ಹನ್ನೆರಡು ಪಟ್ಟಿನ ವ್ಯತ್ಯಾಸವಿರುತ್ತದೆ. ಪೆರು ದೇಶದ ಲೀಮಾ ನಗರದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಗಿಲು ಕಿಟಕಿಗಳನ್ನು ತೆರೆದಾಗ ಗಂಟೆಗೆ ಸರಾಸರಿ 28 ಸಲ ಗಾಳಿ ಬದಲಾಯಿತು. ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳಲ್ಲಿ 12 ಸಲ. ಎತ್ತರದ ಮಾಳಿಗೆಯೂ ದೊಡ್ಡ ಕಿಟಕಿಗಳೂ ಇದ್ದ ಹಳೆಯ ಕಟ್ಟಡಗಳು ಹೊಸ ಕಟ್ಟಡಗಳಿಗಿಂತ ಮೇಲಾಗಿದ್ದವು. ನಮ್ಮ ಹಿರಿಯರು ಕಟ್ಟಿಸಿದ ಎತ್ತರದ ಶಾಲೆಗಳನ್ನು ಕೆಡವಿ, ತಗ್ಗಾದ ಮಾಳಿಗೆಯ, ಗಾಜು ಬಿಗಿದ, ತಂಪುಯಂತ್ರದಿಂದ ಅದೇ ಗಾಳಿಯನ್ನು ಸುತ್ತಿಸುವ ಕೊಠಡಿಗಳನ್ನು ಪ್ರಗತಿಯೆಂದು ಕರೆಯುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

'ಸೊಳ್ಳೆ ಬರುತ್ತದೆ, ಧೂಳು ಬರುತ್ತದೆ, ಚಳಿ ಬರುತ್ತದೆ' ಎಂಬ ಆಕ್ಷೇಪಣೆಗಳು ಸುಳ್ಳಲ್ಲ. ಆದರೆ ಸೊಳ್ಳೆಗೆ ಜಾಲರಿಯುಂಟು, ಚಳಿಗೆ ಕಂಬಳಿಯುಂಟು. ಮುಚ್ಚಿದ ಗಾಳಿಗೆ ತೆರೆದ ಕಿಟಕಿಯ ಹೊರತು ಅಷ್ಟು ಅಗ್ಗದ ಮದ್ದಿಲ್ಲ. ಕಿಟಕಿ ತೆರೆದ ಮಾತ್ರಕ್ಕೆ ಕ್ಷಯ ಹೋಗುತ್ತದೆಂದೂ ನಾವು ಹೇಳುವುದಿಲ್ಲ. ರೋಗಿಗೆ ಬೇಗ ಔಷಧ ದೊರೆಯುವುದೇ ಎಲ್ಲಕ್ಕಿಂತ ದೊಡ್ಡ ತಡೆ. ಸರಿಯಾದ ಔಷಧ ಆರಂಭವಾದ ಕೆಲವು ವಾರಗಳೊಳಗೆ ಬಹುಮಂದಿ ರೋಗವನ್ನು ಹರಡದಂತಾಗುತ್ತಾರೆ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತಾಗ ಜಗತ್ತು ಹಿಗ್ಗಿತು. ಆದರೆ ಅದೊಂದನ್ನೇ ಕೊಟ್ಟರೆ ರೋಗಾಣು ಅದನ್ನು ತಡೆದುಕೊಳ್ಳಲು ಕಲಿಯುತ್ತದೆಂಬುದು 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಿಂದ ತಿಳಿಯಿತು. ಆದುದರಿಂದಲೇ ಇಂದು ಹಲವು ಔಷಧಗಳನ್ನು ಕೂಡಿಸಿ, ಸಾಮಾನ್ಯವಾಗಿ ಆರು ತಿಂಗಳ ಕಾಲ ಕೊಡುತ್ತಾರೆ. ಎರಡು ತಿಂಗಳಿಗೆ ಮೈ ಹಗುರಾಯಿತೆಂದು ನಿಲ್ಲಿಸುವವರು, ಅಳಿದುಳಿದ ಬಲಿಷ್ಠ ರೋಗಾಣುಗಳಿಗೆ ತಾವೇ ಬೆಳೆಯಲು ಅವಕಾಶ ಕೊಡುತ್ತಾರೆ.

2023ರಲ್ಲಿ ಲೋಕದಲ್ಲಿ ಸುಮಾರು ಒಂದು ಕೋಟಿ ಎಂಟು ಲಕ್ಷ ಜನರಿಗೆ ಕ್ಷಯ ಬಂದಿತು. ಹನ್ನೆರಡೂವರೆ ಲಕ್ಷ ಜನ ಸತ್ತರು. ರೋಗ ಬಂದವರಲ್ಲಿ ನಾಲ್ಕನೆಯ ಒಂದು ಪಾಲಿಗೂ ಹೆಚ್ಚು ಮಂದಿ ನಮ್ಮ ದೇಶದವರು. ರೋಗಾಣು ಕಂಡು ನೂರನಲವತ್ತು ವರ್ಷಗಳು ಕಳೆದು, ಔಷಧ ದೊರೆತು ಎಂಬತ್ತು ವರ್ಷಗಳಾದ ಮೇಲಿನ ಲೆಕ್ಕವಿದು.

ವಿದ್ಯಾರ್ಥಿಗಳಾದ ವಾಚಕರಿಂದ ನಾವು ಬೇಡುವುದು ದೊಡ್ಡದೇನೂ ಅಲ್ಲ. ಎರಡು ವಾರ ಮೀರಿ ಕೆಮ್ಮು ನಿಂತರೆ, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕದ ಇಳಿತ, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದು ಕಂಡರೂ, ಪರೀಕ್ಷೆ ಮುಗಿಯಲೆಂದು ಕಾಯದೆ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಅಲ್ಲಿ ಕಫದ ಪರೀಕ್ಷೆಯೂ ಔಷಧವೂ ಉಚಿತ. 2024ರ ನವೆಂಬರಿನಿಂದ ಚಿಕಿತ್ಸೆಯ ಕಾಲದಲ್ಲಿ ಆಹಾರಕ್ಕಾಗಿ ತಿಂಗಳಿಗೆ 1000 ರೂಪಾಯಿಯ ನೆರವೂ ಉಂಟು. ಕೆಮ್ಮುವಾಗ ಬಾಯಿಗೆ ಕರವಸ್ತ್ರ ಹಿಡಿಯಿರಿ. ಹನಿಯನ್ನು ಅದು ಒಣಗಿ ತೇಲುವ ಮೊದಲೇ ತಡೆಯುವ ಉಪಾಯ ಅದು. ಗೆಳೆಯನಿಗೆ ರೋಗವೆಂದು ತಿಳಿದರೆ ನೀವೂ ಪರೀಕ್ಷೆ ಮಾಡಿಸಿಕೊಳ್ಳಿರಿ. ಅವನ ಜೊತೆ ಊಟಕ್ಕೆ ಕುಳಿತುಕೊಳ್ಳಿರಿ. ಅಧ್ಯಾಪಕರಾದ ನಾವು ಮಾಡಬೇಕಾದದ್ದೂ ಇದೆ. ತರಗತಿಯಲ್ಲಿ ಕೆಮ್ಮು ಕೇಳಿದಾಗ 'ಧೂಳು' ಎಂಬ ಉತ್ತರಕ್ಕೆ ತೃಪ್ತರಾಗದೆ, ಪಾಠ ಮುಗಿದ ಮೇಲೆ ಆ ಹುಡುಗನನ್ನು ಪಕ್ಕಕ್ಕೆ ಕರೆದು ಎರಡು ಮಾತು ವಿಚಾರಿಸಬೇಕು.

ನಾವು ಮೊದಲು ಹೇಳಿದ ವಿದ್ಯಾರ್ಥಿ ಆರು ತಿಂಗಳು ತಪ್ಪದೆ ಔಷಧ ಸೇವಿಸಿ ಗುಣ ಹೊಂದಿದನು. ಮರುವರ್ಷ ಪರೀಕ್ಷೆಯಲ್ಲಿಯೂ ತೇರ್ಗಡೆಯಾದನು. ಹೊರಡುವ ದಿನ ನಮ್ಮನ್ನು ಕಾಣಲು ಬಂದವನು, ತನಗೆ ಕೆಮ್ಮಿಗಿಂತ ಆ ಕೆಂಪು ಗುರುತಿನ ಲೋಟವೇ ಹೆಚ್ಚು ನೋವು ಕೊಟ್ಟಿತೆಂದನು. ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಂದಿನಿಂದ ನಾವು ತರಗತಿಗೆ ಹೋದ ಕೂಡಲೇ, ಹಾಜರಿ ಕೂಗುವ ಮೊದಲು, ಕಿಟಕಿಗಳನ್ನು ತೆರೆಸುತ್ತೇವೆ. ಸ್ಟೋಕ್ಸನ ನಿಯಮವನ್ನು ಬೋಧಿಸುವ ದಿನ ಅದೇಕೆಂದು ಹೇಳುತ್ತೇವೆ.